ಮೂರು ದಿನಕ್ಕೆಂದು ತೆಗೆದ ನಾಲ್ಕು ಸಾಲು

ವನಜಾಳ ಕತ್ತು ಎಡಕ್ಕೆ ಸಲೀಸಾಗಿ ತಿರುಗುತ್ತಿತ್ತು, ಬಲಕ್ಕೆ ತಿರುಗುತ್ತಿರಲಿಲ್ಲ. ಬಲಗಡೆಯಿಂದ ಯಾರಾದರೂ ಕರೆದರೆ ಕುರ್ಚಿಯ ಸಮೇತ ಸುತ್ತಬೇಕು. ಹನ್ನೊಂದು ವರ್ಷದಿಂದ ಎಡಗಡೆಯ ಪರದೆಯಲ್ಲಿ ‘ಅವರದು’, ಎದುರಿನ ಪರದೆಯಲ್ಲಿ ‘ನಮ್ಮದು’ ಇಟ್ಟುಕೊಂಡು, ಅದನ್ನು ನೋಡಿ ಇದನ್ನು ತಿದ್ದಿ, ಇದನ್ನು ತಿದ್ದಿ ಮತ್ತೆ ಅದನ್ನು ನೋಡಿ, ಕತ್ತು ಅದೇ ದಾರಿಗೆ ಒಗ್ಗಿಹೋಗಿತ್ತು. ಗಾಣದ ಎತ್ತನ್ನು ಬಿಚ್ಚಿ ಬಯಲಿಗೆ ಬಿಟ್ಟರೂ ಅದು ಸುತ್ತಿಕೊಂಡೇ ಮೇಯುತ್ತದಂತೆ, ಹಾಗೆ.

ಅವಳು ಚಿಕ್ಕಬಾಣಾವರದವಳು. ಹುಟ್ಟಿದ್ದೂ ಅಲ್ಲೇ, ಮದುವೆಯಾಗಿ ಸೇರಿದ್ದೂ ಅಲ್ಲೇ; ತೌರಿನಿಂದ ಗಂಡನ ಮನೆಗೆ ಕೆರೆಯ ಏರಿಯ ಮೇಲೆ ನಡೆದರೆ ಹತ್ತು ನಿಮಿಷ. ಗಂಡ ದೇವರಾಜ್ ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಶಿಫ್ಟಿನ ಕೆಲಸದವನು. ಅವನು ಬರುವಾಗ ಇವಳು ಹೊರಟಿರುತ್ತಾಳೆ. ಮನೆಯಲ್ಲಿ ಉಳಿಯುವವರು ಅತ್ತೆ ರಾಮಕ್ಕ ಒಬ್ಬರೇ. ಡಿಪ್ಲೊಮಾ ಮುಗಿಸಿ ಇಪ್ಪತ್ತನಾಲ್ಕನೇ ವಯಸ್ಸಿಗೆ ಪೀಣ್ಯ ಎರಡನೇ ಹಂತದ ನೀರಿನ ಮೀಟರ್ ಕಂಪನಿಗೆ ಸೇರಿದಾಗ, ಭೂತಗನ್ನಡಿ ಹಿಡಿದು ಬೆಸುಗೆ ನೋಡುವುದು ಅವಳ ಕೆಲಸವಾಗಿತ್ತು. ಯಾರ ಕಣ್ಣಿಗೂ ಬೀಳದ ಕೂದಲಿನಷ್ಟು ಬಿರುಕು ಅವಳ ಕಣ್ಣಿಗೆ ಬೀಳುತ್ತಿತ್ತು. ಅದನ್ನು ಗಮನಿಸಿದ ಶ್ರೀಧರ್ ಸಾರ್, ಆಗಿನ್ನೂ ಅವರು ಮ್ಯಾನೇಜರ್ ಆಗಿರಲಿಲ್ಲ, “ಈ ಹುಡುಗೀನ ಕಂಪ್ಯೂಟರ್ ಮುಂದೆ ಕೂರಿಸಿ” ಅಂದರು. ಕೂತವಳು ಇನ್ನೂ ಎದ್ದಿಲ್ಲ. ಈಗ ಅವಳಿಗೆ ನಲವತ್ತಾರು.

ಕಂಪನಿ ಮಾಡುವುದು ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್‌ಗಳಿಗೆ ನೀರಿನ ಮೀಟರು. ಪ್ರತಿ ಮನೆಗೊಂದು ಮೀಟರು; ಪಂಪ್ ರೂಮಿನಲ್ಲಿ ಒಂದೊಂದು ಬ್ಲಾಕಿಗೆ ಸೇರಿ ಒಂದೊಂದು ಪೆಟ್ಟಿಗೆ. ಯಾವ ಮನೆಯವರು ಎಷ್ಟು ನೀರು ಬಳಸಿದರು ಅನ್ನುವುದನ್ನು ಆ ಪೆಟ್ಟಿಗೆ ಪೀಣ್ಯಕ್ಕೆ ಹೇಳುತ್ತದೆ. ಪೀಣ್ಯದಿಂದ ಅಪ್ಪಣೆ ಹೋದರೆ ಮನೆಯ ನೀರು ನಿಲ್ಲಿಸುತ್ತದೆ, ಬಿಡುತ್ತದೆ. ನಿಲ್ಲಿಸು ಅಂದವರು ಕಂಪನಿಯವರೋ ಕಂಪನಿಯ ವೇಷ ಹಾಕಿದವರೋ ಎಂದು ಪೆಟ್ಟಿಗೆಗೆ ತಿಳಿಯಬೇಕಲ್ಲ? ಅದಕ್ಕೊಂದು ಗುರುತಿನ ಚೀಟಿ ಉಂಟು. ಮಾತಿಗೆ ಮೊದಲು ಕಂಪನಿಯ ಕಂಪ್ಯೂಟರು ಆ ಚೀಟಿ ತೋರಿಸಬೇಕು. ಪೆಟ್ಟಿಗೆ ಅದರ ಮೊಹರು ನೋಡಬೇಕು, ತಾರೀಖು ನೋಡಬೇಕು, ಆಮೇಲೆ ಮಾತಾಡಬೇಕು. ಆ ಮಾತೂ ಬೇರೆಯವರಿಗೆ ಕೇಳಿಸದ ಹಾಗೆ ಗುಟ್ಟಾಗಿ.

ಈ ಗುಟ್ಟಿನ ಲೆಕ್ಕಗಳನ್ನೆಲ್ಲ ಒಟ್ಟು ಮಾಡಿ ಕಂಪ್ಯೂಟರಿನ ಭಾಷೆಯಲ್ಲಿ ಬರೆದಿಟ್ಟ ಕಂತೆಗೆ ಲೈಬ್ರರಿ ಅನ್ನುತ್ತಾರೆ; ಅದರಲ್ಲಿ ಪುಸ್ತಕ ಒಂದೂ ಇರುವುದಿಲ್ಲ. ಅದನ್ನು ಬರೆದವರು ದೂರದೇಶದ ಮೂರು ನಾಲ್ಕು ಜನ; ಎಡಗಡೆಯ ಪರದೆಯ ‘ಅವರು’ ಅಂದರೆ ಇವರೇ. ಊರ ಬಾವಿಯ ಹಾಗೆ ತೆರೆದಿಟ್ಟಿದ್ದಾರೆ. ಯಾರು ಬೇಕಾದರೂ ಸೇದಬಹುದು, ತಳ ಬಗ್ಗಿ ನೋಡಬಹುದು, ಕಸ ಕಂಡರೆ ತೆಗೆಯಬಹುದು. ವನಜಾಳ ಕಂಪನಿ ಹನ್ನೊಂದು ವರ್ಷದ ಹಿಂದೆ ಅದರದೊಂದು ನಕಲು ತಂದುಕೊಂಡಿತು. ಪೆಟ್ಟಿಗೆಯೊಳಗಿನ ಕಂಪ್ಯೂಟರ್ ಚಿಪ್ಪು ಬಹಳ ಸಣ್ಣದು. ಅದರೊಳಗೆ ಹಿಡಿಸಲೆಂದು ಅಲ್ಲಿ ಕತ್ತರಿಸಿ ಇಲ್ಲಿ ಹೊಲಿದು ತನ್ನದೇ ಮಾಡಿಕೊಂಡಿತು. ಆಫೀಸಿನಲ್ಲಿ ಅದಕ್ಕೆ ಫೋರ್ಕ್ ಎಂದು ಹೆಸರು. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದು ಹಾಲಿಗೆ ಹಾಕಿದ ಮೇಲೆ ಮೊಸರು ನಮ್ಮದೇ. ಹುಳಿಯಾದರೆ ಹೋಗಿ ಅವರನ್ನು ಕೇಳುವ ಹಾಗಿಲ್ಲ.

ಕಷ್ಟ ಎಲ್ಲಿ ಅಂದರೆ, ಅವರದರಲ್ಲಿ ಒಂದು ತೂತು ಕಂಡಿತು ಅಂದರೆ ನಮ್ಮದರಲ್ಲೂ ಅದೇ ತೂತು ಇರುತ್ತದೆ. ಅವರು ಹಾಕಿದ ತೇಪೆ ಮಾತ್ರ ನಮ್ಮದಕ್ಕೆ ಕೂರುವುದಿಲ್ಲ, ಯಾಕೆಂದರೆ ನಾವು ಬಟ್ಟೆಯನ್ನೇ ಬೇರೆ ಅಳತೆಗೆ ಕತ್ತರಿಸಿಬಿಟ್ಟಿದ್ದೇವೆ. ಪ್ರತಿ ಸಲವೂ ಕೈಯಲ್ಲಿ ಹೊಲಿಯಬೇಕು. ಮೊದಲು ಆ ಕೆಲಸಕ್ಕೆ ನಾಲ್ಕು ಜನ ಇದ್ದರು. ಶ್ರೀಧರ್ ಸಾರ್ ಮ್ಯಾನೇಜರ್ ಆದರು. ದೀಪು ಮಾರತ್ತಹಳ್ಳಿ ಕಡೆ ದೊಡ್ಡ ಕಂಪನಿ ಸೇರಿದ. ಪ್ರಿಯಾಂಕಾ ಮಗುವಾದ ಮೇಲೆ ಬರಲಿಲ್ಲ. ಅರವತ್ತಕ್ಕೂ ಹೆಚ್ಚು ತೇಪೆಯನ್ನು ವನಜಾ ಒಬ್ಬಳೇ ಹೊಲಿದಿದ್ದಳು. ಹೊಲಿದದ್ದು ಯಾರಿಗೂ ಕಾಣುವುದಿಲ್ಲ. ತೂತು ಬಿದ್ದರೆ ಮಾತ್ರ ಕಾಣುತ್ತದೆ.

ಅವಳಿಗೆ ಇದ್ದದ್ದು ಒಂದೇ ಆಸೆ. ಚಿಪ್ಪಿಗೆ ಹಿಡಿಸಲು ತಾವು ಮಾಡಿಕೊಂಡ ಕತ್ತರಿಕೆಯನ್ನು ಅವರಿಗೇ ಕೊಟ್ಟುಬಿಡುವುದು. ಅವರು ಅದನ್ನು ತಮ್ಮದರಲ್ಲಿ ಸೇರಿಸಿಕೊಂಡರೆ ಆಮೇಲೆ ‘ನಮ್ಮದು’ ಬೇಕಾಗುವುದಿಲ್ಲ, ಅವರದನ್ನೇ ಸೀದಾ ಬಳಸಬಹುದು. ಫೋರ್ಕ್ ಮುಗಿಯುತ್ತದೆ, ಕತ್ತಿಗೂ ಬಿಡುವು ಸಿಗುತ್ತದೆ. ಮೂರು ಸಲ ಕೇಳಿದ್ದಳು. ಶ್ರೀಧರ್ ಸಾರ್ ಮೂರು ಸಲವೂ “ನೋಡೋಣ ವನಜಾ” ಅಂದಿದ್ದರು. ಆ ನೋಡೋಣದ ಹಿಂದೆ ಏನಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಆಡಿರಲಿಲ್ಲ.

ಸಂಕ್ರಾಂತಿಯ ದಿನ ಅವಳು ಮನೆಯಲ್ಲಿದ್ದಳು. ಮಾರನೇ ದಿನ ಬಂದು ಕೂತರೆ ದೂರದೇಶದವರಿಂದ ಪತ್ರ: ಹೊಸ ತೂತು ಸಿಕ್ಕಿದೆ, ಅವಸರದ್ದು, ಎಲ್ಲರೂ ಕೂಡಲೇ ಮುಚ್ಚಿಕೊಳ್ಳಿ. ಕಾಫಿ ತಂದಿಟ್ಟುಕೊಂಡು ಎಡಕ್ಕೆ ನೋಡಿದಳು, ಎದುರಿಗೆ ನೋಡಿದಳು. ಎಡಗಡೆ ಚೀಟಿಯ ತಾರೀಖು ನೋಡುವ ಜಾಗದಲ್ಲಿ ತೇಪೆ ಇತ್ತು. ಎದುರಿಗೆ ಆ ಜಾಗವೇ ಇರಲಿಲ್ಲ. ನಾಲ್ಕು ಸಾಲು ಇರಬೇಕಾದ ಕಡೆ ಖಾಲಿ, ಅದರ ಮೇಲೊಂದು ಟಿಪ್ಪಣಿ: ‘ತಾತ್ಕಾಲಿಕ. ಮೂರು ದಿನ ಮಾತ್ರ. ವನಜಾ.’

ಕಾಫಿ ಆರಿತು. ಅವಳು ಕುಡಿಯಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಮಾತು ಅದು. ಮೊದಲ ಇನ್ನೂರು ಪೆಟ್ಟಿಗೆ ತಯಾರಾಗಿ ಫ್ಯಾಕ್ಟರಿಯ ಹಾಲ್‌ನಲ್ಲಿ ಸಾಲಾಗಿ ಕೂತಿದ್ದವು; ಬೆಳಿಗ್ಗೆ ಲಾರಿ ಬರಬೇಕಿತ್ತು. ಮಧ್ಯಾಹ್ನ ಕರೆಂಟು ಹೋಗಿ ಬಂತು, ಅಷ್ಟೇ. ಇನ್ನೂರೂ ಮೂಕವಾದವು. ಕಂಪನಿಯ ಕಂಪ್ಯೂಟರು ಚೀಟಿ ತೋರಿಸಿದರೆ ‘ಈ ಚೀಟಿಯ ಕಾಲ ಇನ್ನೂ ಬಂದಿಲ್ಲ’ ಅನ್ನುತ್ತವೆ! ನೋಡಿದರೆ ಇನ್ನೂರಕ್ಕೂ ತಾವು ಎರಡು ಸಾವಿರದ ಇಸವಿಯ ಜನವರಿ ಒಂದನೇ ತಾರೀಖಿನಲ್ಲಿದ್ದೇವೆ ಎಂಬ ಭ್ರಮೆ. ಒಳಗಿನ ಗಡಿಯಾರ ನಿಲ್ಲದಿರಲೆಂದು ಇಟ್ಟ ಗುಂಡುಸೆಲ್ಲು ಕೆಲಸ ಮಾಡಿರಲಿಲ್ಲ. ಯಾಕೆ ಎಂದು ಆಗ ಗೊತ್ತಾಗಲಿಲ್ಲ. ಮುಚ್ಚಳಗಳಿಗೆಲ್ಲ ಸೀಲು ಒತ್ತಾಗಿತ್ತು. ಶ್ರೀಧರ್ ಸಾರ್ ಬೆವರು ಒರೆಸಿಕೊಳ್ಳುತ್ತ, “ವನಜಾ, ತಾರೀಖು ನೋಡೋದನ್ನ ತೆಗೆದುಬಿಡು. ಮೂರು ದಿನ. ಲಾರಿ ಹೋಗ್ಲಿ, ಆಮೇಲೆ ಹಾಕೋಣ” ಅಂದರು. ಅವಳು ತೆಗೆದಳು. ಪೆಟ್ಟಿಗೆಗಳು ಮಾತಾಡಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೊಂದು ಗೋಡೆ ಗಡಿಯಾರ ಬಹುಮಾನ ಬಂತು. ಅದು ಇನ್ನೂ ನಡುಮನೆಯಲ್ಲಿ ನೇತಾಡುತ್ತಿದೆ.

ಕಾರಣ ಗೊತ್ತಾಗಿದ್ದು ತಿಂಗಳಾದ ಮೇಲೆ. ಜೋಡಣೆಯ ಸಾಲಿನಲ್ಲಿ ಸೆಲ್ಲು ಕೂರಿಸುತ್ತಿದ್ದವಳು ಮರಿಯಮ್ಮ. ಹೊಸ ಸೆಲ್ಲಿನ ಮೇಲೆ ನಾಲಗೆಯ ಹಾಗೆ ಒಂದು ಹಳದಿ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅದನ್ನು ಎಳೆದು ತೆಗೆದರೆ ಮಾತ್ರ ಸೆಲ್ಲಿಗೆ ಜೀವ. ಅದಕ್ಕೆ ಹಿಂದಿನ ವಾರವಷ್ಟೇ ಯಾರೋ ಬೇರೊಂದು ಭಾಗದ ಮೇಲಿನ ನಂಬರಿನ ಚೀಟಿ ಕಿತ್ತಿದ್ದರೆಂದು ಸೂಪರ್‌ವೈಸರ್ ಕೂಗಾಡಿ, ‘ಏನ್ ಅಂಟಿದ್ರೂ ಕೀಳ್ಬೇಡಿ’ ಎಂದು ಗೋಡೆಗೆ ಬರೆಸಿದ್ದ. ಮರಿಯಮ್ಮ ಗೋಡೆಯ ಮಾತು ಪಾಲಿಸಿದಳು. ಇನ್ನೂರಕ್ಕೆ ಇನ್ನೂರೂ ಪಟ್ಟಿಯ ಸಮೇತ ಹೋದವು. ಮುಂದಿನ ಪೆಟ್ಟಿಗೆಗಳಲ್ಲಿ ಎಳೆದೇ ಕಳಿಸಿದರು. ಆದರೆ ಆ ನಾಲ್ಕು ಸಾಲನ್ನು ಯಾರೂ ವಾಪಸು ಹಾಕಲಿಲ್ಲ. ಹಾಕಿದರೆ ಆ ಇನ್ನೂರು ಮತ್ತೆ ಮೂಕವಾಗುತ್ತವಲ್ಲ! ಮೂರು ದಿನ ಮೂರು ತಿಂಗಳಾಯಿತು; ಆಮೇಲೆ ಲೆಕ್ಕ ಇಡುವವರಿಲ್ಲ. ಹನ್ನೊಂದು ವರ್ಷದಿಂದ ಕಂಪನಿಯ ಯಾವ ಪೆಟ್ಟಿಗೆಯೂ ಚೀಟಿಯ ತಾರೀಖು ನೋಡಿಲ್ಲ. ಕಾಲ ಮುಗಿದ ಹಳೆಯ ಚೀಟಿ ಯಾರ ಕೈಗೆ ಸಿಕ್ಕರೂ ಸಾಕು, ಯಾರ ಮನೆಯ ನೀರನ್ನಾದರೂ ನಿಲ್ಲಿಸಬಹುದು.

‘ನಮ್ಮದನ್ನು’ ಹೊರಗೆ ಕೊಡಲು ಶ್ರೀಧರ್ ಸಾರ್ ಹಿಂಜರಿಯುತ್ತಿದ್ದದ್ದು ಇದಕ್ಕೇ. ಕೊಟ್ಟರೆ ಎಲ್ಲರೂ ಬಗ್ಗಿ ನೋಡುತ್ತಾರೆ. ವನಜಾಳೂ ಗಟ್ಟಿಯಾಗಿ ಕೇಳದೆ ಇದ್ದದ್ದು ಇದಕ್ಕೇ. ಆ ಖಾಲಿ ಜಾಗದ ಮೇಲಿರುವ ಹೆಸರು ಅವಳದು.

ಅವಳು ಎದ್ದು ಹೋಗಿ ಅವರ ಬಾಗಿಲಲ್ಲಿ ನಿಂತಳು.

“ಸಾರ್, ಹೊಸ ತೂತು ತಾರೀಖಿನ ಜಾಗದಲ್ಲೇ ಬಂದಿದೆ.”

ಶ್ರೀಧರ್ ಸಾರ್ ಕನ್ನಡಕ ತೆಗೆದರು. ಅವರಿಗೆ ಐವತ್ತೆಂಟು, ನಿವೃತ್ತಿಗೆ ಎರಡು ವರ್ಷ. ಆಮೇಲೆ ಅವರ ಮುಖ ಅರಳಿತು. “ಅಲ್ಲಮ್ಮ, ಒಳ್ಳೇದೇ ಆಯ್ತಲ್ಲ! ನಮ್ಮಲ್ಲಿ ಆ ಜಾಗವೇ ಇಲ್ಲ. ಜಾಗ ಇಲ್ಲ ಅಂದ್ಮೇಲೆ ತೂತು ಎಲ್ಲಿಂದ ಬಂತು? ತೂತುಗಳ ಪಟ್ಟೀಲಿ ‘ಅನ್ವಯಿಸುವುದಿಲ್ಲ’ ಅಂತ ಬರೆದು ಮನೆಗೆ ಹೋಗು.”

“ಸಾರ್, ಬಾಗಿಲೇ ಇಲ್ಲದ ಮನೇಗೆ ಚಿಲಕ ಮುರಿದಿಲ್ಲ ಅಂತ ಬರೆದ ಹಾಗಾಯ್ತು.”

“ಬರೆದಿದ್ದು ಸುಳ್ಳಾ?”

“ಸುಳ್ಳಲ್ಲ.”

“ಮತ್ತೆ? ನಿನ್ ಕತ್ತು ನೋಡ್ಕೋ ವನಜಾ. ಹಬ್ಬದ ವಾರ. ಹೋಗು, ರೆಸ್ಟ್ ತಗೋ.”

ಅದು ಪ್ರೀತಿಯಿಂದ ಆಡಿದ ಮಾತೇ. ಅದಕ್ಕೇ ಅವಳಿಗೆ ಎದುರಾಡುವ ಶಕ್ತಿ ಬರಲಿಲ್ಲ. ಬಂದು ಕೂತಳು, ಪಟ್ಟಿಯಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆದಳು. ಬೇರೆ ಸಲ ಎಂಟು ಹತ್ತು ದಿನ ಹಿಡಿಯುತ್ತಿದ್ದ ಕೆಲಸ ಒಂದೇ ಪದದಲ್ಲಿ ಮುಗಿಯಿತು. ಚೀಲ ತೆಗೆದುಕೊಂಡು ಬಿಸಿಲು ಇರುವಾಗಲೇ ಬಸ್ ಹತ್ತಿದಳು.

ಮನೆಯಲ್ಲಿ ರಾಮಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಒಂದು ಸ್ಟೀಲ್ ಡಬರಿಯನ್ನು ಎದುರಿಗಿಟ್ಟುಕೊಂಡು ನೋಡುತ್ತಿದ್ದರು. ಆ ಡಬರಿ ಪಕ್ಕದ ಮನೆಯ ಅಶ್ವತ್ಥಮ್ಮನದು. ಡಿಸೆಂಬರಿನಲ್ಲಿ ಹಿತಕಿದಬೇಳೆ ಸಾರು ತುಂಬಿಸಿ ಕಳಿಸಿದ್ದರು. ಸಾರು ಅಂದೇ ಮುಗಿಯಿತು, ಡಬರಿ ಉಳಿಯಿತು. ಬರಿ ಪಾತ್ರೆ ವಾಪಸು ಕೊಡಬಾರದು ಎಂಬುದು ರಾಮಕ್ಕನ ಶಾಸ್ತ್ರ. ತುಂಬಲು ಏನಾದರೂ ಮಾಡಬೇಕು. ಮಾಡಲು ರಾಮಕ್ಕನ ಮೊಣಕಾಲು ಬಿಡದು, ವನಜಾಳಿಗೆ ಹೊತ್ತಿಲ್ಲ.

“ಏನವ್ವ, ಬಿಸ್ಲಿದ್ದಂಗೇ ಬಂದ್ಬುಟ್ಟೆ? ಕೆಲ್ಸದಿಂದ ತೆಗ್ದಾಕುದ್ರಾ?”

“ಇಲ್ಲ ಅತ್ತೆ. ಕೆಲಸ ಬೇಗ ಮುಗೀತು.”

“ನಿನ್ ಕೆಲ್ಸ? ಮುಗೀತಾ?” ರಾಮಕ್ಕ ನಂಬಲಿಲ್ಲ. “ನೋಡು, ಇವತ್ತು ಆ ಅಸ್ವತ್ತಿ ಕಾಂಪೌಂಡ್ ಮೇಲಿಂದ ಕೇಳುದ್ಲು. ‘ರಾಮಕ್ಕ, ಸಂಕ್ರಾಂತಿಗಾದ್ರೂ ನಮ್ ಡಬರಿ ಎಳ್ಳುಬೆಲ್ಲ ತಿನ್ಕೊಂಡ್ ಬತ್ತದೆ ಅನ್ಕಂಡಿದ್ದೆ’ ಅಂತಾಳೆ. ಮಕ ಎಲ್ಲಿ ಇಕ್ಕೊಳ್ಳಲಿ ನಾನು?”

“ಹಾಗೇ ಕೊಟ್ಟುಬಿಡಿ ಅತ್ತೆ. ಅವರೇನು ಅಂದುಕೊಳ್ಳಲ್ಲ.”

“ಆಹಾ! ಅಂಗೆ ಕೊಡೋದಾಗಿದ್ರೆ ನಿನ್ನ ಯಾಕ್ ಕಾಯ್ತಿದ್ದೆ? ಏನೋ ದೊಡ್ದಾಗಿ ಮಾಡಿ ಕೊಡೋಣ ಅನ್ಕಂಡು ಅನ್ಕಂಡೇ ತಿಂಗ್ಳಾತು. ಒಂದಚ್ಚು ಬೆಲ್ಲ ಹಾಕಿ ಅವತ್ತೇ ಕೊಟ್ಟಿದ್ರೆ ಮಾನ ಉಳೀತಿತ್ತು. ಈಗ ಬೆಲ್ಲ ಕೊಟ್ರೆ ನಗ್ತಾಳೆ.”

ವನಜಾಳಿಗೆ ನಗು ಬಂತು, ಕತ್ತು ನೋಯಿತು. ಅನ್ನಕ್ಕಿಟ್ಟು ಮಲಗಿದಳು. ಬೇಗ ಬಂದದ್ದಕ್ಕೆ ಏನೂ ಹಗುರ ಅನಿಸಲಿಲ್ಲ. ನಡುಮನೆಯ ಗಡಿಯಾರ ಅವತ್ತು ಯಾಕೋ ಜೋರಾಗಿ ಕೇಳಿಸಿತು.

ಮಾರನೇ ಬೆಳಿಗ್ಗೆ ಫ್ಯಾಕ್ಟರಿಯ ಗೇಟಿನಲ್ಲಿ ಕಾವಲಿನ ಆವಲಪ್ಪ ಕೈ ಅಡ್ಡ ಹಿಡಿದ.

“ಅಮ್ಮಾ, ನಿಂತ್ಕಳಿ. ನಿಮ್ ಪಾಸ್ ತಾರೀಕು ಮುಗ್ದೋಗೈತೆ.”

ಹೌದು. ಪಾಸುಗಳ ಅವಧಿ ಡಿಸೆಂಬರಿಗೇ ಮುಗಿದಿತ್ತು. ಹೊಸದು ಆಫೀಸಿಗೆ ಬಂದು ಎಷ್ಟೋ ದಿನ, ಅವಳು ಹೋಗಿ ತಂದುಕೊಂಡಿರಲಿಲ್ಲ.

“ಆವಲಪ್ಪಣ್ಣ, ನಿನ್ನೆ ತನಕ ಬಿಟ್ರಲ್ಲ!”

“ಸಂಕ್ರಾಂತಿಗಂಟ ಬಿಡು ಅಂದಿದ್ರು, ಬಿಟ್ಟೆ. ನೆನ್ನೆ ಮರ್ತೆ, ನನ್ ತೆಪ್ಪು. ಇವತ್ತು ಆಗಲ್ಲ.”

“ಇಪ್ಪತ್ತೆರಡು ವರ್ಷದಿಂದ ನನ್ನ ನೋಡ್ತಿದ್ದೀರ. ನಾನು ಯಾರು ಅಂತ ಗೊತ್ತಿಲ್ವಾ?”

“ಮಕ ಗೊತ್ತು ಕಣಮ್ಮ. ಮಕದ್ ಮ್ಯಾಲೆ ತಾರೀಕು ಇರಾಕಿಲ್ವಲ್ಲ.” ಆವಲಪ್ಪ ಕುರ್ಚಿ ತೋರಿಸಿದ. “ಓದ್ವರ್ಸ ಆ ಸ್ಟೋರಿನೋನು, ಕೆಲ್ಸ ಬಿಟ್ಟು ಎಲ್ಡು ತಿಂಗ್ಳಾಗಿತ್ತು, ಹಳೇ ಪಾಸ್ ತೋರ್ಸಿ ಒಳೀಕ್ಕೋದ. ಗೊತ್ತಿರೋ ಮಕ ಅಂತ ಬಿಟ್ಟೆ. ತಾಮ್ರದ ತಂತಿ ಸುರುಳಿ ಎತ್ಕೊಂಡೋದ. ಮೆಮೊ ಯಾರಿಗ್ ಬಂತು? ಅವನ್ಗಾ? ಕೂತ್ಕಳಿ, ಒಳಗಡೆ ಫೋನ್ ಮಾಡಿವ್ನಿ, ಹೊಸಾದು ತಂದ್ಕೊಡ್ತಾರೆ.”

ಅವಳಿಗೆ ಮೈಯೆಲ್ಲ ಉರಿಯಿತು. ಬಿಸಿಲಿಗೆ ಕೂತಳು. ಅವಳಿಗಿಂತ ಹದಿನೈದು ವರ್ಷ ಆಮೇಲೆ ಸೇರಿದವರೆಲ್ಲ ಒಳಗೆ ಹೋಗುತ್ತ “ಏನ್ ಮೇಡಂ, ಗೇಟ್ ಡ್ಯೂಟೀನಾ?” ಎಂದು ನಕ್ಕರು. ಆವಲಪ್ಪನನ್ನು ಮನಸ್ಸಿನಲ್ಲೇ ಬೈದಳು: ಮುದಿ ಮೊಂಡ, ಕಲ್ಲು. ಬೈದು ಬೈದು ಸುಸ್ತಾದ ಮೇಲೆ ಅವನ ಕೈಯನ್ನು ನೋಡಿದಳು. ಒಬ್ಬೊಬ್ಬರ ಪಾಸನ್ನೂ ಹೆಬ್ಬೆರಳಲ್ಲಿ ತಿರುಗಿಸಿ ತಾರೀಖು ನೋಡುತ್ತಿದ್ದ. ಮುನ್ನೂರು ಜನ. ಮುನ್ನೂರು ಸಲ. ಅವನ ಕತ್ತೂ ಒಂದೇ ಕಡೆಗೆ ಬಾಗಿತ್ತು.

ಪಾಸು ಬಂತು. ಅವಳು ಸೀದಾ ಹೋಗಿ ಪಟ್ಟಿಯಲ್ಲಿ ಬರೆದ ಪದ ಅಳಿಸಿದಳು. ಚೀಲವನ್ನೂ ಇಳಿಸದೆ ಶ್ರೀಧರ್ ಸಾರ್ ಮುಂದೆ ಕೂತಳು.

“ಸಾರ್, ಆ ನಾಲ್ಕು ಸಾಲು ವಾಪಸ್ ಹಾಕ್ತೀನಿ. ಆಮೇಲೆ ಅವರ ತೇಪೆ ಹಾಕ್ತೀನಿ.”

“ಹುಚ್ಚಾ ನಿನಗೆ? ಹಳೇ ಪೆಟ್ಟಿಗೆಗಳು ಸತ್ತುಹೋಗ್ತವೆ.”

“ಎಲ್ಲ ಹೋದ್ವು ಸಾರ್. ಬದಲಾಯಿಸಿ ಬದಲಾಯಿಸಿ ಹದಿನಾಲ್ಕು ಉಳಿದಿದೆ. ಎಲ್ಲ ಕುಂದಲಹಳ್ಳೀಲಿ ಒಂದೇ ಅಪಾರ್ಟ್‌ಮೆಂಟಲ್ಲಿ. ನಾನೇ ಹೋಗಿ ಆ ಹಳದಿ ಪಟ್ಟಿ ಕಿತ್ತು ಬರ್ತೀನಿ.”

“ನೀನು ಯಾಕೆ? ಸರ್ವಿಸ್‌ನವರು...”

“ಸರ್ವಿಸ್‌ನವರಿಗೆ ಏನಂತ ಬರೆದು ಕೊಡ್ತೀರ? ಹನ್ನೊಂದು ವರ್ಷ ಪಟ್ಟಿ ಕೀಳೋದು ಮರೆತಿದ್ವಿ ಅಂತಾನಾ?”

ಶ್ರೀಧರ್ ಸಾರ್ ಕಿಟಕಿಯ ಕಡೆ ನೋಡಿದರು. ಹೊರಗೆ ಪಕ್ಕದ ಶೆಡ್ಡಿನ ಪ್ರೆಸ್ಸು ದಬ್ ದಬ್ ಎಂದು ಹೊಡೆಯುತ್ತಿತ್ತು. “ನಾನು ಹೇಳಿದ್ದಕ್ಕೆ ತೆಗೆದೆ ಅಂತ ಎಲ್ಲಾದ್ರೂ ಬರೀತೀಯಾ?” ಎಂದು ಮೆಲ್ಲಗೆ ಕೇಳಿದರು.

“ಅಲ್ಲಿ ನನ್ನ ಹೆಸರೊಂದೇ ಇದೆ ಸಾರ್. ಅದನ್ನೇ ಬಿಡ್ತೀನಿ. ಆದ್ರೆ ಇದು ಮುಗಿದ ಮೇಲೆ ಮುಚ್ಚಿಡೋಕೆ ಏನೂ ಇರಲ್ಲ. ಆಗ ನಮ್ಮ ಕತ್ತರಿಕೆ ಅವರಿಗೆ ಕೊಡೋಕೆ ಬಿಡ್ಬೇಕು. ನನ್ನ ಕೈಲಿ ಇನ್ನು ಆಗಲ್ಲ ಸಾರ್.”

ಕೊನೆಯ ಮಾತು ಹೇಳುವಾಗ ಅವಳ ದನಿ ಏರಲೂ ಇಲ್ಲ, ಒಡೆಯಲೂ ಇಲ್ಲ. ಒಲೆಯ ಮೇಲೆ ಹಾಲಿದೆ ಅನ್ನುವಷ್ಟು ಸಪ್ಪೆಯಾಗಿ ಹೇಳಿದಳು. ಬಹುಶಃ ಅದಕ್ಕೇ ಶ್ರೀಧರ್ ಸಾರ್‌ಗೆ ನೋಡೋಣ ಎನ್ನಲು ಬಾಯಿ ಬರಲಿಲ್ಲ. “ಕಂಪನಿ ಹೆಸರು ಹಾಕ್ಬೇಡ” ಅಂದರು. “ಒಂದೇ ಸಲಕ್ಕೆ ಎಲ್ಲ ಕೊಡಬೇಡ. ಸ್ವಲ್ಪ ಸ್ವಲ್ಪ.”

ನಾಲ್ಕು ಸಾಲು ವಾಪಸು ಹಾಕಲು ಅರ್ಧ ಗಂಟೆ ಸಾಕಾಯಿತು. ಅದರ ಸುತ್ತ ಹನ್ನೊಂದು ವರ್ಷ ಬೆಳೆದ ಬಳ್ಳಿ ಬಿಡಿಸಲು ಆರು ದಿನ. ಏಳನೆಯ ದಿನ ಅವಳು ಜೋಡಣೆಯ ಸಾಲಿಗೆ ಹೋಗಿ ಮರಿಯಮ್ಮನ ಎದುರು ನಿಂತಳು. ಮರಿಯಮ್ಮನಿಗೆ ಈಗ ಕೈ ನಡುಕ. ಸೆಲ್ಲು ಕೂರಿಸುವುದು ಬಿಟ್ಟು ಪ್ಯಾಕಿಂಗಿನಲ್ಲಿ ಇದ್ದಳು.

“ಮರಿಯಕ್ಕ, ನಾಳೆ ನನ್ನ ಜೊತೆ ಕುಂದಲಹಳ್ಳಿಗೆ ಬರ್ತೀಯಾ? ನೀನು ಕೂರಿಸಿದ ಹದಿನಾಲ್ಕು ಸೆಲ್ ಇನ್ನೂ ಅಲ್ಲಿವೆ.”

“ಅಯ್ಯೋ ದೇವರೇ, ಇನ್ನೂ ನನ್ನ ಬಿಟ್ಟಿಲ್ವಾ ಅದು? ಗೋಡೆ ಮೇಲೆ ಕೀಳ್ಬೇಡಿ ಅಂತ ಬರೆದಿತ್ತು ವನಜಾ, ನಾನ್ ಏನ್ ಮಾಡ್ಲಿ?”

“ಅದಕ್ಕೇ. ಈಗ ಕಿತ್ತು ಬರೋಣ ಬಾ.”

ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಕುಂದಲಹಳ್ಳಿಯಲ್ಲಿ ಇಳಿದರು. ದಾರಿಯಲ್ಲಿ ಮರಿಯಮ್ಮ ಎರಡು ಸಲ ತೂಕಡಿಸಿದಳು, ವನಜಾ ಮೂರು ಸಲ. ಅಪಾರ್ಟ್‌ಮೆಂಟಿನ ವಾಚ್‌ಮನ್ ಯಮನೂರ ಇಬ್ಬರು ಹೆಂಗಸರು ಸ್ಕ್ರೂಡ್ರೈವರ್ ಹಿಡಿದು ಬಂದದ್ದು ನೋಡಿ, “ಸರ್ವಿಸ್‌ನವ್ರು ಎಲ್ಲಿ ಮೇಡಂ?” ಎಂದ.

“ನಾವೇ.”

“ನೀವಾ? ಆತು ಬರ್ರಿ. ಪಂಪ್ ರೂಮ್‌ನಾಗ ಹಾವು ಗೀವು ಇಲ್ಲ, ಜಿರಳಿ ಅದಾವ.”

ಪಂಪ್ ರೂಮು ನೆಲದ ಅಡಿಯಲ್ಲಿ. ಪಾಚಿಯ ವಾಸನೆ, ಮೋಟಾರಿನ ಗುಂಯ್ ಎಂಬ ಸದ್ದು, ಗೋಡೆಯಲ್ಲಿ ತೇವ. ಮೊದಲ ಪೆಟ್ಟಿಗೆಯ ಸೀಲು ಒಡೆದು ಮುಚ್ಚಳ ತೆಗೆದರು. ವನಜಾ ಮೊಬೈಲಿನ ಬೆಳಕು ಹಿಡಿದಳು. ಅಲ್ಲೇ ಇತ್ತು: ಸೆಲ್ಲಿನ ಅಡಿಯಿಂದ ಇಣುಕಿದ ಹಳದಿ ನಾಲಗೆ, ಸ್ವಲ್ಪ ಬಿಳಚಿಕೊಂಡಿತ್ತು, ಅಷ್ಟೇ. ಮರಿಯಮ್ಮ ಅದನ್ನು ಹಿಡಿದಳು. ಎಳೆಯಲಿಲ್ಲ.

“ನೀನು ಎಳಿ ವನಜಾ.”

“ನೀನು ಇಟ್ಟಿದ್ದು, ನೀನೇ ಎಳಿ ಅಕ್ಕ.”

ಮರಿಯಮ್ಮ ಎಳೆದಳು. ಎಷ್ಟು ಸುಲಭವಾಗಿ ಬಂತೆಂದರೆ ಇಬ್ಬರಿಗೂ ಬೇಜಾರಾಯಿತು. ಹಳೆಯ ಸೆಲ್ಲು ತೆಗೆದು ಹೊಸದು ಇಟ್ಟು, ಹೊಸ ಬರಹ ತುಂಬಿ, ಕರೆಂಟು ತೆಗೆದು ಹಾಕಿದರು. ಪೆಟ್ಟಿಗೆ ಒಂದು ಗಳಿಗೆ ಯೋಚಿಸಿತು. ಆಮೇಲೆ ಹಸಿರು ದೀಪ. ವನಜಾ ಮೊಬೈಲಿನಲ್ಲಿ ನೋಡಿದಳು: ತಾರೀಖು ಇವತ್ತಿನದೇ. ಇನ್ನು ಹದಿಮೂರು. ಎಲ್ಲ ಮುಗಿಸಿ ತಡವಾಗಿ ಊಟಕ್ಕೆ ಮೆಟ್ಟಿಲ ಮೇಲೆ ಕೂತರು. ಮರಿಯಮ್ಮ ಹದಿನಾಲ್ಕು ಪಟ್ಟಿಗಳನ್ನೂ ಕರ್ಚೀಫಿನಲ್ಲಿ ಕಟ್ಟಿಕೊಂಡಳು. ಯಾಕೆ ಎಂದರೆ, “ಇರ್ಲಿ. ಆ ಸೂಪರ್‌ವೈಸರ್ ಸಿಕ್ರೆ ಬಾಯಿಗೆ ತುರುಕ್ತೀನಿ” ಅಂದಳು. ವನಜಾ ನಕ್ಕಳು. ನಗುವಾಗ ಕತ್ತು ಬಲಕ್ಕೆ ತುಸು ತಿರುಗಿದ ಹಾಗಾಯಿತು. ಆಮೇಲೆ ಮತ್ತೆ ಬಿಗಿಯಿತು.

ಮುಂದಿನ ವಾರ ಕತ್ತರಿಕೆಯ ಮೊದಲ ತುಂಡನ್ನು ದೂರದೇಶದವರಿಗೆ ಕಳಿಸಿದಳು. ಬಹಳ ಸಣ್ಣ ತುಂಡು, ಒಂದು ಪುಟವೂ ಇಲ್ಲ. ಕೆಳಗೆ ಹೆಸರು ಬರೆಯುವಾಗ ಬೆರಳು ನಿಂತಿತು. ಹನ್ನೊಂದು ವರ್ಷದ ಹಿಂದೆ ಮೂರು ದಿನ ಎಂದು ಬರೆದು ಅದರ ಪಕ್ಕ ಇಟ್ಟ ಹೆಸರೇ ಇದು. ಆದರೂ ಅದನ್ನೇ ಬರೆದಳು, ಬೇರೆ ಹೆಸರು ಇರಲಿಲ್ಲ. ಒಟ್ಟು ಇಪ್ಪತ್ತಮೂರು ತುಂಡು, ಇನ್ನು ಇಪ್ಪತ್ತೆರಡು.

ಅದೇ ಸಂಜೆ ಮನೆಗೆ ಬಂದು ಒಂದಚ್ಚು ಬೆಲ್ಲ, ಅದರ ಜೊತೆ ಹಿತ್ತಲಿನ ನಾಲ್ಕು ನಿಂಬೆಹಣ್ಣು ಡಬರಿಗೆ ಹಾಕಿದಳು. ರಾಮಕ್ಕ ಗೊಣಗಿದರು, “ನಗ್ತಾಳೆ ಕಣೇ.”

“ನಗ್ಲಿ ಬಿಡಿ ಅತ್ತೆ.”

ಕಾಂಪೌಂಡಿನ ಮೇಲಿಂದ ಕೊಟ್ಟಳು. ಅಶ್ವತ್ಥಮ್ಮ ನಿಜವಾಗಿಯೂ ನಕ್ಕರು. “ಏನವ್ವ, ನಮ್ ಡಬರಿ ತೌರಿಗ್ ಬಂತಾ?” ಎಂದು ಅದನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದರು.

ಉತ್ತರ ಬರಲು ಹನ್ನೆರಡು ದಿನವಾಯಿತು. ಅವರಲ್ಲಿ ಒಬ್ಬ ಬರೆದಿದ್ದ. ಹೆಸರು ಅವಳಿಗೆ ಹಳೆಯ ಪರಿಚಯ. ಎಷ್ಟು ವರ್ಷದಿಂದ ಅವನ ತೇಪೆಗಳನ್ನು ಓದಿದ್ದಳು, ಅವನ ಕೈಬರಹ ನೋಡಿದಷ್ಟೇ ಗುರುತು. ‘ನಿಮ್ಮ ತುಂಡು ಸೇರಿಸಿದ್ದೇನೆ. ಚೆನ್ನಾಗಿದೆ. ಉಳಿದದ್ದನ್ನೂ ಕಳಿಸಿ. ಸಣ್ಣ ಚಿಪ್ಪಿನ ವಿಷಯ ಗೊತ್ತಿದ್ದವನು ಹೋದ ವರ್ಷ ನಮ್ಮನ್ನು ಬಿಟ್ಟುಹೋದ. ಈಗ ನಾವು ಇಬ್ಬರೇ. ಆ ಭಾಗವನ್ನು ನೀವೇ ನೋಡಿಕೊಳ್ಳುವಿರಾ? ನನಗೆ ಬಹಳ ದಣಿವಾಗಿದೆ.’

ವನಜಾ ಕೊನೆಯ ಸಾಲನ್ನು ಎರಡು ಸಲ ಓದಿದಳು. ಇಷ್ಟು ವರ್ಷ ಎಡಗಡೆಯ ಪರದೆಯಲ್ಲಿ ಇದ್ದವನಿಗೂ ದಣಿವಾಗುತ್ತದೆ ಎಂದು ಅವಳಿಗೆ ಹೊಳೆದಿರಲೇ ಇಲ್ಲ. ಫೋರ್ಕ್ ಮುಗಿಯುತ್ತದೆ, ಅದು ನಿಜ. ಇಪ್ಪತ್ತೆರಡು ತುಂಡು ಹೋಗುವ ಹೊತ್ತಿಗೆ ವರ್ಷ ಎರಡಾದರೂ ಮುಗಿಯುತ್ತದೆ. ಒಂದನ್ನು ಇಳಿಸಲು ಹೋದರೆ ಇನ್ನೊಂದು ಹೆಗಲೇರುತ್ತಿದೆ. ಉತ್ತರ ಬರೆಯದೆ ಮನೆಗೆ ಬಂದಳು.

ಹೊಸ್ತಿಲಲ್ಲಿ ರಾಮಕ್ಕ ಹಣೆ ಹಿಡಿದುಕೊಂಡು ಕೂತಿದ್ದರು. ಎದುರಿಗೆ ಅದೇ ಸ್ಟೀಲ್ ಡಬರಿ, ಮುಚ್ಚಳದ ಸಂದಿಯಿಂದ ಹುರುಳಿ ಬಸ್ಸಾರಿನ ಬಿಸಿ ಹಬೆ.

“ನೋಡವ್ವ ನಿನ್ ನಿಂಬೆಹಣ್ಣಿನ ಪ್ರಭಾವ! ಬರಿದು ಇಕ್ಕೊಂಡಿರಕ್ಕೆ ಅವ್ಳಿಗೂ ಆಗ್ಲಿಲ್ವಂತೆ. ಮತ್ತೆ ಬಂದು ಕುಂತದೆ. ಈಗೇನ್ ಮಾಡಾನ?”

“ತಿನ್ನೋಣ ಅತ್ತೆ.”

“ಆಮ್ಯಾಕೆ?”

“ಆಮೇಲೆ ಒಂದು ಸ್ವಲ್ಪ ಏನಾದ್ರೂ ಹಾಕಿ ಕೊಡೋಣ. ಜಾಸ್ತಿ ಬೇಡ.”

ಊಟ ಮಾಡಿದಳು. ಸಾರು ಚೆನ್ನಾಗಿತ್ತು. ಮಾರನೇ ದಿನ ಗೇಟಿನಲ್ಲಿ ಆವಲಪ್ಪ ಕೇಳುವ ಮೊದಲೇ ಪಾಸು ತಿರುಗಿಸಿ ತಾರೀಖಿನ ಕಡೆ ತೋರಿಸಿದಳು. ಅವನು ಆದರೂ ಕೈಯಲ್ಲಿ ಹಿಡಿದೇ ನೋಡಿದ. ಕುರ್ಚಿಯಲ್ಲಿ ಕೂತು, ಕಾಫಿ ಆರುವ ಮುಂಚೆ ಕುಡಿದು, ದೂರದೇಶದವನಿಗೆ ಉತ್ತರ ಬರೆದಳು: ‘ನೋಡಿಕೊಳ್ಳುತ್ತೇನೆ. ತಿಂಗಳಿಗೆ ಎರಡು ದಿನ ಆಗುತ್ತದೆ. ಅದಕ್ಕಿಂತ ಹೆಚ್ಚು ನನ್ನ ಕೈಲಾಗದು. ನೀವೂ ಸ್ವಲ್ಪ ಮಲಗಿ.’